ಬೆಟ್ಟದ ಬೈಸಿಕಲ್ಲಿನ ತವರುಮನೆ

ಮೊನ್ನೆ ಭಾನುವಾರ ಬೆಳಗಿನ ಕಾಫಿಯ ಹೊತ್ತಿಗೆ ನಮ್ಮ ನೆರೆಮನೆಯ ರಾಯರ ಜಗಲಿಯಲ್ಲಿ ಸಣ್ಣದೊಂದು ನ್ಯಾಯಸಭೆ ಸೇರಿತ್ತು. ವಿವಾದದ ವಸ್ತು ಅವರ ಮೊಮ್ಮಗನಿಗೆಂದು ತಂದಿದ್ದ ಹೊಸ ಬೈಸಿಕಲ್ಲು. ದಪ್ಪ ಟೈರು, ಅಗಲವಾದ ಹ್ಯಾಂಡಲ್ಲು, ಮುಂಗಾಲಿಗೆ ಸ್ಪ್ರಿಂಗು ಹಾಕಿದ ಫೋರ್ಕು, ಹಿಂಗಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹಲ್ಲುಚಕ್ರಗಳು. ಹುಡುಗರು ‘ಮೌಂಟನ್ ಬೈಕ್’ ಎಂದು ಕರೆಯುವ ಬೆಟ್ಟದ ಬೈಸಿಕಲ್ಲು ಅದು. ಮೈಮೇಲಿನ ಹೆಸರು ಅಮೆರಿಕದ್ದು. ಹುಡುಗ ಅದನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲುಗಳ ನಡುವಣ ಕೊಳವೆಯ ಬಳಿ ಅಂಟಿಸಿದ್ದ ಚೀಟಿಯನ್ನು ಓದಿ, “ತಾತ, ಇದನ್ನು ಮಾಡಿದ್ದು ತೈವಾನಿನಲ್ಲಂತೆ!” ಎಂದು ಕೂಗಿದ.

ರಾಯರ ಮುಖ ಸಪ್ಪಗಾಯಿತು. “ಅಮೆರಿಕದ್ದೆಂದು ಹಣ ತೆತ್ತೆವು, ತೈವಾನಿನದು ಬಂತು. ನಾನು ಕಾಲೇಜಿಗೆ ತುಳಿದುಕೊಂಡು ಹೋಗುತ್ತಿದ್ದ ಹರ್ಕ್ಯುಲೀಸ್ ಬೈಸಿಕಲ್ಲು ನಮ್ಮ ಮದ್ರಾಸಿನಲ್ಲೇ ತಯಾರಾದದ್ದು. ಅದಕ್ಕೊಂದು ಊರಿತ್ತು, ಮಾನವಿತ್ತು” ಎಂದರು. ಮಗ ನಕ್ಕು, “ಎಲ್ಲಿ ಮಾಡಿದರೇನಪ್ಪ? ಗಟ್ಟಿಯಾಗಿದ್ದರೆ ಸಾಲದೆ?” ಎಂದ. ಇಬ್ಬರೂ ನನ್ನ ಕಡೆಗೆ ತಿರುಗಿ, “ನೀವೇ ಹೇಳಿ, ಸ್ವಾಮಿ” ಎಂದರು. ತೀರ್ಪು ಕೊಡುವ ಮೊದಲು ಜಾತಕವನ್ನು ನೋಡಬೇಕೆಂದು ಒಂದು ವಾರದ ವಾಯಿದೆ ಕೇಳಿಕೊಂಡು ಬಂದೆ. ಆ ಜಾತಕವನ್ನೇ ಇಂದು ವಾಚಕರ ಮುಂದಿಡುತ್ತಿದ್ದೇನೆ.

ಈ ಬೈಸಿಕಲ್ಲಿನ ಹುಟ್ಟೂರು ನಿಜಕ್ಕೂ ಅಮೆರಿಕವೇ. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ನಗರದಾಚೆ ಮರಿನ್ ಎಂಬ ಜಿಲ್ಲೆಯಿದೆ. ಅಲ್ಲಿ ತಮಾಲ್‌ಪೈಸ್ ಎಂಬ ಬೆಟ್ಟ. 1970ರ ದಶಕದಲ್ಲಿ ಅಲ್ಲಿಯ ಕೆಲವು ತರುಣರು ದಶಕಗಳ ಹಿಂದಿನ, ಬಲೂನಿನಂಥ ಟೈರುಗಳ ಹಳೆಯ ಬೈಸಿಕಲ್ಲುಗಳನ್ನು ಗುಜರಿಯಿಂದ ಹೆಕ್ಕಿ ತಂದು, ಕಚ್ಚಾ ದಾರಿಗಳಲ್ಲಿ ಬೆಟ್ಟದಿಂದ ಇಳಿಸಿಕೊಂಡು ಬರುವ ಹುಚ್ಚು ಹಚ್ಚಿಕೊಂಡರು. 1976ರ ಅಕ್ಟೋಬರಿನಲ್ಲಿ ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿ ಅವರ ಮೊದಲ ಪಂದ್ಯ ನಡೆಯಿತು. ಅದರ ಹೆಸರು ‘ರೀಪ್ಯಾಕ್’. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಆ ಕಾಲದ ಬ್ರೇಕು ಒಂದೇ ಇಳಿಜಾರಿನಲ್ಲಿ ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಎರಡನೆಯ ಸಲ ಇಳಿಯುವಂತಿರಲಿಲ್ಲ. ಅದರಿಂದಲೇ ಆ ಹೆಸರು ಬಂತು.

ಆ ತರುಣರು ಬಹುವಾಗಿ ಮೆಚ್ಚಿದ ಹಳೆಯ ಫ್ರೇಮು ಷಿಕಾಗೋ ನಗರದ ಷ್ವಿನ್ ಕಂಪನಿಯದು. ಆದರೆ ಬೆಟ್ಟದ ಪೆಟ್ಟಿಗೆ ಹಳೆಯ ಕಬ್ಬಿಣ ಎಷ್ಟು ದಿನ ತಡೆದೀತು? 1977ರಲ್ಲಿ ಜೋ ಬ್ರೀಜ್ ಎಂಬಾತ ಬೆಟ್ಟಕ್ಕೆಂದೇ ಹೊಸ ಫ್ರೇಮನ್ನು ತನ್ನ ಕೈಯಿಂದಲೇ ಬೆಸೆದ. ಟಾಮ್ ರಿಚಿ ಫ್ರೇಮುಗಳನ್ನು ಮಾಡಿಕೊಟ್ಟರೆ, ಗ್ಯಾರಿ ಫಿಷರ್ ಮತ್ತು ಚಾರ್ಲಿ ಕೆಲ್ಲಿ ಎಂಬ ಗೆಳೆಯರು 1979ರಲ್ಲಿ ಅವನ್ನು ಮಾರಲು ಪುಟ್ಟ ವ್ಯಾಪಾರವನ್ನು ತೆರೆದರು. ಸರಕು ಅಪ್ಪಟ ದೇಶೀಯ. ಬೆಲೆಯೂ ಅದಕ್ಕೆ ತಕ್ಕಂತೆ ಸುಮಾರು 1300 ಡಾಲರು. ಒಬ್ಬ ಕುಶಲಕರ್ಮಿ ಒಂದೊಂದಾಗಿ ಬೆಸೆದದ್ದು ಅಗ್ಗವಾಗುವುದಾದರೂ ಹೇಗೆ?

1981ರಲ್ಲಿ ಸ್ಪೆಷಲೈಸ್ಡ್ ಎಂಬ ಕ್ಯಾಲಿಫೋರ್ನಿಯಾದ ಕಂಪನಿ ಅದೇ ಮಾದರಿಯ ಬೈಸಿಕಲ್ಲನ್ನು ಜಪಾನಿನಲ್ಲಿ ಮಾಡಿಸಿ, ‘ಸ್ಟಂಪ್‌ಜಂಪರ್’ ಎಂಬ ಹೆಸರಿನಲ್ಲಿ 750 ಡಾಲರಿಗೆ ಮಾರಿತು. ಬೆಟ್ಟದ ಬೈಸಿಕಲ್ಲು ಹವ್ಯಾಸಿಗಳ ಕೈಯಿಂದ ಜನಸಾಮಾನ್ಯರ ಅಂಗಳಕ್ಕೆ ಬಂದದ್ದು ಹೀಗೆ. ಪರದೇಶದ ತಯಾರಿಕೆಯನ್ನು ಹಳಿಯುವವರು ಈ ಸಂಗತಿಯನ್ನು ಮರೆಯಬಾರದು. ಕೂಸು ಹುಟ್ಟಿದ್ದು ಅಮೆರಿಕದಲ್ಲಾದರೂ ಅದಕ್ಕೆ ಅನ್ನವಿಟ್ಟು ಬೆಳೆಸಿದ್ದು ಏಷ್ಯ.

ಈ ಕಥೆಯಲ್ಲಿ ಮರುಕ ಹುಟ್ಟಿಸುವ ಪಾತ್ರ ಷ್ವಿನ್ ಕಂಪನಿಯದು. 1895ರಲ್ಲಿ ಸ್ಥಾಪಿತವಾದ ಈ ಮನೆತನ ಅಮೆರಿಕದ ಮಕ್ಕಳ ಮೂರು ತಲೆಮಾರಿಗೆ ಬೈಸಿಕಲ್ಲು ಕೊಟ್ಟಿತ್ತು. ತನ್ನದೇ ಹಳೆಯ ಫ್ರೇಮಿನಿಂದ ಹೊಸ ಯುಗವೊಂದು ಹುಟ್ಟುತ್ತಿರುವುದು ಮಾತ್ರ ಅದರ ಒಡೆಯರ ಕಣ್ಣಿಗೆ ಸಕಾಲದಲ್ಲಿ ಬೀಳಲಿಲ್ಲ. 1980ರಲ್ಲಿ ಷಿಕಾಗೋ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಸರಕು ನಿಲ್ಲಬಾರದೆಂದು ಕಂಪನಿ ತೈವಾನಿನ ‘ಜಯಂಟ್’ ಎಂಬ ಕಾರ್ಖಾನೆಯ ಕಡೆಗೆ ವಾಲಿತು. ಬೇಡಿಕೆಯನ್ನಷ್ಟೇ ಅಲ್ಲ, ತನ್ನ ತಂತ್ರಜ್ಞಾನವನ್ನೂ ಧಾರೆಯೆರೆಯಿತು. ಕೆಲವೇ ವರ್ಷಗಳಲ್ಲಿ ಷ್ವಿನ್ ಹೆಸರಿನ ಬೈಸಿಕಲ್ಲುಗಳಲ್ಲಿ ಬಹುಪಾಲು ಅಲ್ಲಿಂದಲೇ ಬರತೊಡಗಿದವು. ಷಿಕಾಗೋದ ಕಾರ್ಖಾನೆ ಮುಚ್ಚಿತು.

ಸ್ವದೇಶದಲ್ಲಿ ತಯಾರಿಸುವ ಆಸೆಯನ್ನು ಅವರು ಪೂರ್ತಿಯಾಗಿ ಬಿಟ್ಟಿರಲಿಲ್ಲ. 1981ರಲ್ಲಿ ಮಿಸಿಸಿಪ್ಪಿಯ ಗ್ರೀನ್‌ವಿಲ್ ಎಂಬ ಊರಿನಲ್ಲಿ ಹೊಸ ಕಾರ್ಖಾನೆ ತೆರೆದರು. ಅಲ್ಲಿ ಕಟ್ಟಡವಿತ್ತು, ಯಂತ್ರವಿತ್ತು, ಕೂಲಿಯೂ ಕಡಿಮೆಯಿತ್ತು. ಆದರೆ ಸುತ್ತಮುತ್ತ ಬೈಸಿಕಲ್ಲಿನ ಕಸುಬು ಬಲ್ಲವರಿರಲಿಲ್ಲ. ಬಿಡಿಭಾಗಗಳು ದೂರದಿಂದ, ಕೆಲವು ಕಡಲಾಚೆಯಿಂದಲೇ ಬರಬೇಕಿತ್ತು. ಹತ್ತೇ ವರ್ಷದಲ್ಲಿ, 1991ರಲ್ಲಿ, ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಮರುವರ್ಷ ಷ್ವಿನ್ ಕಂಪನಿಯೇ ದಿವಾಳಿಯೆದ್ದಿತು. ಅತ್ತ ಜಯಂಟ್ ತನ್ನದೇ ಹೆಸರಿನಲ್ಲಿ ಬೈಸಿಕಲ್ಲು ಮಾರುತ್ತಾ ಲೋಕದ ದೊಡ್ಡ ತಯಾರಕರ ಸಾಲಿಗೆ ಸೇರಿತು.

ಹಾಗಾದರೆ ತೈವಾನಿನಲ್ಲಿದ್ದು ಗ್ರೀನ್‌ವಿಲ್‌ನಲ್ಲಿ ಇಲ್ಲದಿದ್ದುದು ಏನು? ಅಗ್ಗದ ಕೂಲಿಯೊಂದೇ ಎಂದರೆ ಅರ್ಧ ಸತ್ಯವಾದೀತು. ಜಯಂಟ್ ಕಂಪನಿಯನ್ನು ಕಿಂಗ್ ಲಿಯು ಎಂಬಾತ 1972ರಲ್ಲಿ ಆರಂಭಿಸಿದಾಗ ತೈವಾನಿನ ಬಿಡಿಭಾಗಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಬ್ಬ ಮಾಡಿದ ಟೈರು ಇನ್ನೊಬ್ಬ ಮಾಡಿದ ರಿಮ್ಮಿಗೆ ಕೂರುತ್ತಿರಲಿಲ್ಲ. ಆತ ತಯಾರಕರ ಬಳಿಗೆ ಹೋಗಿ, ಎಲ್ಲರೂ ಜಪಾನಿನ ಅಳತೆಗಳನ್ನೇ ಅನುಸರಿಸುವಂತೆ ಒಪ್ಪಿಸಿದ. ಮುಂದೆ ತೈಚುಂಗ್ ಪ್ರಾಂತದಲ್ಲಿ ರಿಮ್ಮು, ಕಡ್ಡಿ, ಸೀಟು, ಫೋರ್ಕು, ಚೈನು ಮಾಡುವವರೆಲ್ಲ ನೆರೆಹೊರೆಯವರಂತೆ ನೆಲೆಸಿದರು. ಬೆಳಿಗ್ಗೆ ದೋಷ ಕಂಡರೆ ಸಂಜೆಯೊಳಗೆ ತಿದ್ದುವ ಅನುಕೂಲ ಅದು. ಅಗ್ಗದ ಬೈಸಿಕಲ್ಲಿನ ತಯಾರಿಕೆ ಚೀನಕ್ಕೆ ಹರಿದಾಗ ತೈವಾನಿಗೂ ತವರು ಬರಿದಾಗುವ ಭಯ ಹುಟ್ಟಿತು. ಆಗ, 2003ರಲ್ಲಿ, ಬದ್ಧ ಪ್ರತಿಸ್ಪರ್ಧಿಗಳಾದ ಜಯಂಟ್ ಮತ್ತು ಮೆರಿಡಾ ಕಂಪನಿಗಳೇ ಬಿಡಿಭಾಗ ತಯಾರಕರೊಡನೆ ಒಂದು ಕೂಟ ಕಟ್ಟಿಕೊಂಡು, ಉತ್ತಮ ದರ್ಜೆಯ ಕೆಲಸವನ್ನು ತಮ್ಮಲ್ಲೇ ಉಳಿಸಿಕೊಳ್ಳಲು ಟೊಂಕ ಕಟ್ಟಿದವು.

ನಮ್ಮ ಹಿರಿಯರಿಗೆ ಈ ಗುಟ್ಟು ಹೊಸದಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆಯೆಂದೂ ಗಾಣಿಗರಪೇಟೆಯೆಂದೂ ಕೇರಿಗಳಿಗೆ ಕಸುಬಿನ ಹೆಸರಿಟ್ಟರಲ್ಲವೆ? ಕಸುಬು ಬದುಕುವುದು ಕೇರಿಯಲ್ಲಿ. ಒಬ್ಬನ ಕೈತಪ್ಪನ್ನು ಇನ್ನೊಬ್ಬನ ಕಣ್ಣು ತಿದ್ದುತ್ತದೆ. ಮಗು ಆಡುತ್ತಾ ಕಲಿಯುತ್ತದೆ. ಬೈಸಿಕಲ್ಲಿನ ಗೇರುಗಳಿಗೆ ಹೆಸರಾದ ಷಿಮಾನೊ ಕಂಪನಿ ಹುಟ್ಟಿದ ಜಪಾನಿನ ಸಕಾಯ್ ಪಟ್ಟಣವನ್ನೇ ನೋಡಿ. ಶತಮಾನಗಳಿಂದ ಕತ್ತಿ, ಕೋವಿಗಳನ್ನು ಮಾಡಿದ ಕಮ್ಮಾರರ ಊರು ಅದು. ಅದೇ ಕುಲುಮೆಯ ವಿದ್ಯೆ ಬೈಸಿಕಲ್ಲಿನ ಬಿಡಿಭಾಗಗಳಿಗೆ ತಿರುಗಿತು. 1982ರಲ್ಲಿ ಷಿಮಾನೊ ಬೆಟ್ಟದ ಬೈಸಿಕಲ್ಲಿಗೆಂದೇ ಗೇರು, ಬ್ರೇಕುಗಳ ಸಾಮಗ್ರಿಯನ್ನು ಮಾಡಿ ಕೊಟ್ಟಿತು.

ಸುಂಕದ ಗೋಡೆ ಕಟ್ಟಿ ತವರನ್ನು ಉಳಿಸಬಹುದಿತ್ತಲ್ಲ ಎಂದು ರಾಯರಂಥವರು ಕೇಳಿಯಾರು. ಎರಡು ಕಡೆಯ ಅನುಭವ ಎರಡು ಬಗೆ. ಅಮೆರಿಕದ ಮೂರು ದೊಡ್ಡ ತಯಾರಕರು ಚೀನದ ಅಗ್ಗದ ಸರಕಿನ ವಿರುದ್ಧ 1995ರಲ್ಲಿ ಮೊರೆಯಿಟ್ಟರು. ಅಲ್ಲಿಯ ವ್ಯಾಪಾರ ಆಯೋಗ 1996ರಲ್ಲಿ ಅದನ್ನು ತಳ್ಳಿಹಾಕಿತು. ಆ ಮೂವರಲ್ಲೊಂದಾದ ಹಫಿ ಕಂಪನಿ 1998ರಲ್ಲಿ ಒಹಾಯೊದ ಸೆಲಿನಾ ಪಟ್ಟಣದ ಕಾರ್ಖಾನೆಯನ್ನು ಮುಚ್ಚಿದಾಗ ನೂರಾರು ಮನೆಗಳ ಒಲೆ ತಣ್ಣಗಾಯಿತು. ‘ಅಮೆರಿಕದಲ್ಲಿ ಕೈಯಿಂದ ಮಾಡಿದ್ದು’ ಎಂದು ಹೆಮ್ಮೆಯಿಂದ ಮುದ್ರೆಯೊತ್ತುತ್ತಿದ್ದ ಕ್ಯಾನನ್‌ಡೇಲ್ ಕೂಡ, ಮೋಟಾರ್ ಸೈಕಲ್ಲಿನ ಸಾಹಸಕ್ಕಿಳಿದು ಸೋತು 2003ರಲ್ಲಿ ದಿವಾಳಿಯಾಗಿ, ಕೈಬದಲಾಗಿ, ಪೆನ್ಸಿಲ್ವೇನಿಯಾದ ಬೆಡ್‌ಫರ್ಡಿನಲ್ಲಿದ್ದ ತನ್ನ ಕೆಲಸವನ್ನು ತೈವಾನಿಗೆ ಒಯ್ಯುವುದಾಗಿ 2009ರಲ್ಲಿ ಸಾರಿತು.

ಯುರೋಪಿನವರು ಬೇರೆ ದಾರಿ ಹಿಡಿದರು. ಚೀನದ ಬೈಸಿಕಲ್ಲಿನ ಮೇಲೆ 1993ರಲ್ಲಿ ಶೇಕಡ 30.6ರಷ್ಟು ಸುಂಕ ಹೇರಿ, 2005ರಲ್ಲಿ ಅದನ್ನು 48.5ಕ್ಕೆ ಏರಿಸಿದರು. ಗೋಡೆಯ ಮರೆಯಲ್ಲಿ ಪೋರ್ಚುಗಲ್ ದೇಶ ಬೆಳೆಯಿತು. 2019ರಲ್ಲಿ ಸುಮಾರು 27 ಲಕ್ಷ ಬೈಸಿಕಲ್ಲುಗಳನ್ನು ತಯಾರಿಸಿ ಯುರೋಪಿನ ಒಕ್ಕೂಟದಲ್ಲಿಯೇ ಮೊದಲಿಗನಾಯಿತು. ಆದರೆ ಗಮನಿಸಿ: ಅಲ್ಲಿಯ ಆಗೆಡಾ ಎಂಬ ಊರಿನಲ್ಲಿ ಬೈಸಿಕಲ್ಲು, ಮೋಟಾರ್ ಸೈಕಲ್ಲುಗಳ ಬಿಡಿಭಾಗ ಮಾಡುವ ಕೇರಿ ಮೊದಲೇ ಜೀವಂತವಾಗಿತ್ತು. ಕೇರಿ ಉಳಿದಿದ್ದಲ್ಲಿ ಗೋಡೆ ನೆರಳಾಯಿತು. ಕೇರಿಯೇ ಅಳಿದ ಮೇಲೆ ಕಟ್ಟಿದ ಗೋಡೆ ಬಯಲಿಗೆ ಹಾಕಿದ ಬೇಲಿ.

ಪರದೇಶದ ಅಗ್ಗಕ್ಕೂ ತೆರಬೇಕಾದ ಬೆಲೆಯೊಂದುಂಟು. ಅದು ಅಂಗಡಿಯ ಚೀಟಿಯಲ್ಲಿ ಕಾಣುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸುಂಕ ಇಲಾಖೆ, ಬಲವಂತದ ದುಡಿಮೆಯ ಲಕ್ಷಣಗಳು ಕಂಡಿವೆಯೆಂದು ಹೇಳಿ, ತೈವಾನಿನಲ್ಲಿ ಜಯಂಟ್ ತಯಾರಿಸಿದ ಬೈಸಿಕಲ್ಲುಗಳನ್ನು ಬಂದರಿನಲ್ಲೇ ತಡೆಹಿಡಿಯಲು ಆಜ್ಞೆ ಮಾಡಿತು. ಹೊರನಾಡುಗಳಿಂದ ಬರುವ ಕೂಲಿಕಾರರು ಕೆಲಸ ದೊರಕಿಸಿಕೊಳ್ಳಲು ದಲ್ಲಾಳಿಗಳಿಗೆ ಹಣ ತೆತ್ತು, ಆ ಸಾಲ ತೀರಿಸುವುದಕ್ಕಾಗಿಯೇ ದುಡಿಯಬೇಕಾಗುತ್ತದೆಂಬುದು ಆಕ್ಷೇಪಣೆಗಳಲ್ಲೊಂದು. ಕಂಪನಿ ತಾನು ವ್ಯವಸ್ಥೆಯನ್ನು ತಿದ್ದಿಕೊಂಡಿರುವುದಾಗಿಯೂ ಆಜ್ಞೆಯನ್ನು ತೆಗೆದುಹಾಕುವಂತೆ ಕೋರುವುದಾಗಿಯೂ ತಿಳಿಸಿತು. ವಾದವೇನೇ ಇರಲಿ, ಕೊಳ್ಳುವವರಾದ ನಾವು ‘ಯಾವ ದೇಶದ್ದು’ ಎಂದು ಕೇಳಿದಷ್ಟೇ ಶ್ರದ್ಧೆಯಿಂದ ‘ಮಾಡಿದವರ ಪಾಡೇನು’ ಎಂದೂ ಕೇಳುವುದು ಧರ್ಮ. ಸ್ವದೇಶದ ಕಾರ್ಖಾನೆಗೂ ಅದೇ ಪ್ರಶ್ನೆ ಸಲ್ಲುತ್ತದೆ.

ಇನ್ನು ರಾಯರ ಹರ್ಕ್ಯುಲೀಸ್. ಅದರ ಹುಟ್ಟೂರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ! 1949ರಲ್ಲಿ ಇಂಗ್ಲಿಷ್ ಕಂಪನಿಯೊಡನೆ ಸೇರಿ ಮದ್ರಾಸಿನ ಬಳಿಯ ಅಂಬತ್ತೂರಿನಲ್ಲಿ ಟಿ. ಐ. ಸೈಕಲ್ಸ್ ಆರಂಭವಾದಾಗ ಆ ಹೆಸರು ಇಲ್ಲಿಗೆ ವಲಸೆ ಬಂತು. ಅಂದು ‘ಪರದೇಶ’ವಾಗಿ ಕೆಲಸವನ್ನು ಪಡೆದವರು ನಾವು. ಅದೇ ವಿದ್ಯೆಯನ್ನು ಮೈಗೂಡಿಸಿಕೊಂಡೆವು. ಲೂಧಿಯಾನದಲ್ಲಿ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳ ದೊಡ್ಡ ಕೇರಿಯೇ ಬೆಳೆಯಿತು. 1956ರಲ್ಲಿ ಹೀರೊ ಸೈಕಲ್ಸ್ ಅಲ್ಲಿ ನೆಲೆಯೂರಿತು. 2015ರಲ್ಲಿ ಹೀರೊ, ಬೆಟ್ಟದ ಬೈಸಿಕಲ್ಲುಗಳಿಗೆ ಹೆಸರಾದ ಫೈರ್‌ಫಾಕ್ಸ್ ಕಂಪನಿಯನ್ನು ಕೊಂಡಿತು. ಆದರೆ ಬಂದ ವಿದ್ಯೆ ನಿಲ್ಲಲೇಬೇಕೆಂಬ ನಿಯಮವಿಲ್ಲ. ಹಳೆಯ ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಬೈಸಿಕಲ್ ದಿನದಂದೇ, ಸಾಹಿಬಾಬಾದಿನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದನ್ನು ನಾವು ಕಂಡಿದ್ದೇವೆ.

ವಾರ ಕಳೆದು ಜಗಲಿಗೆ ಹೋದೆ. “ರಾಯರೆ, ತೈವಾನಿನದೆಂದು ಬೇಸರ ಬೇಡ, ಈ ಕಸುಬಿನಲ್ಲಿ ನುರಿತ ಕೈಗಳು ಅಲ್ಲಿವೆ. ಆದರೆ ಎಲ್ಲಿ ಮಾಡಿದರೇನೆಂಬ ನಿಮ್ಮ ಮಗನ ಮಾತನ್ನೂ ಒಪ್ಪಲಾರೆ. ಷ್ವಿನ್‌ನವರು ಹೊರಗೆ ಕಳುಹಿಸಿದ್ದು ಕೆಲಸವನ್ನು ಮಾತ್ರವೆಂದುಕೊಂಡಿದ್ದರು, ಜೊತೆಗೆ ವಿದ್ಯೆಯೂ ಹೋಯಿತು, ಮತ್ತೆ ಬರಲಿಲ್ಲ” ಎಂದೆ. ರಾಯರು ಏನೋ ಹೇಳಹೊರಟಿದ್ದರು. ಅಷ್ಟರಲ್ಲಿ ಹುಡುಗ ಬೈಸಿಕಲ್ಲನ್ನು ತಳ್ಳಿಕೊಂಡು ಬಂದ. ಗೇರು ಬದಲಿಸುವಾಗ ಚೈನು ಕಟಕಟ ಎನ್ನುತ್ತಿತ್ತಂತೆ. ಬೀದಿಯ ಮೂಲೆಯ ಸೈಕಲ್ ಷಾಪಿನಾತ ಗಾಲಿಯನ್ನೆತ್ತಿ ತಿರುಗಿಸಿ, ಸದ್ದನ್ನು ಆಲಿಸಿ, ಒಂದು ತಿರುಪನ್ನು ಅರ್ಧ ಸುತ್ತು ತಿರುಗಿಸಿದನಂತೆ, ಸರಿಹೋಯಿತಂತೆ.

“ಅವರಿಗೆ ಹೇಗೆ ಗೊತ್ತಾಯಿತು ತಾತ? ನಾನೂ ಕಲಿಯಬಹುದೆ?” ಎಂದು ಹುಡುಗ ಕೇಳಿದ.

“ನಾಳೆಯಿಂದ ಸಂಜೆ ಒಂದು ಗಂಟೆ ಅವನ ಅಂಗಡಿಯಲ್ಲಿ ಕೂತುಕೊ, ನಾನೇ ಹೇಳಿಬರುತ್ತೇನೆ” ಎಂದು ರಾಯರು ಚಪ್ಪಲಿ ಮೆಟ್ಟಿಕೊಂಡರು.