ಯಂತ್ರಕ್ಕೆ ಅಪ್ಪಣೆ ಕೊಡುವ ವಿದ್ಯೆ

ನಮ್ಮ ಹೆಣ್ಣುಮಕ್ಕಳು ಶಾಲೆಯನ್ನು ಮುಗಿಸಿ ಗಣಕಯಂತ್ರದ ಮೇಲೆ ಬೆರಳಚ್ಚು ಕಲಿತರೆ ಸಾಕೆಂದು ಅನೇಕ ಪಾಲಕರು ಭಾವಿಸುತ್ತಾರೆ. ಈ ಭಾವನೆಯು ಅರ್ಧ ಮಾತ್ರ ಸರಿ. ಯಂತ್ರವು ಇದ್ದಂತೆಯೇ ಅದನ್ನು ಬಳಸುವದು ಒಂದು ವಿದ್ಯೆ. ನಮ್ಮ ಕೆಲಸಕ್ಕೆ ತಕ್ಕಂತೆ ಅದನ್ನು ಅಳವಡಿಸಿಕೊಳ್ಳುವದು ಅದಕ್ಕೂ ಮೇಲಾದ ವಿದ್ಯೆ. ಈ ಎರಡನೆಯದನ್ನೂ ನಮ್ಮ ಕನ್ಯೆಯರಿಗೆ ಕಲಿಸತಕ್ಕದ್ದೆಂಬದೇ ನನ್ನ ಅಭಿಪ್ರಾಯವು.

ಇದಕ್ಕೆ ಅನುಕೂಲವಾದ ಸಾಧನವೊಂದುಂಟು. ಬರಹವನ್ನು ಬರೆದು ತಿದ್ದುವದಕ್ಕಾಗಿ ಅಮೇರಿಕೆಯ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1976ರಲ್ಲಿ 'ಎಮ್ಯಾಕ್ಸ್' ಹುಟ್ಟಿತು. 1985ರಲ್ಲಿ ರಿಚರ್ಡ್ ಸ್ಟಾಲ್ಮನ್ನರು 'ಗ್ನೂ ಎಮ್ಯಾಕ್ಸ್' ಅನ್ನು ಹೊರತಂದರು. ಅದು ಹಣವಿಲ್ಲದೆ ದೊರೆಯುತ್ತದೆ. ಕನ್ನಡ ಬರೆಯುವ ಏರ್ಪಾಡೂ ಅದರೊಳಗೇ ಇದೆ. 'ಲಿಸ್ಪ್' ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಅದಕ್ಕೆ ಹೊಸ ಅಪ್ಪಣೆಯೊಂದು ತಿಳಿಯುತ್ತದೆ.

'ಇದು ಇಂಜಿನಿಯರರ ಕೆಲಸ, ನಮ್ಮ ಮಗಳಿಂದಾಗದು' ಎನ್ನುವವರು ಈ ಸಂಗತಿಯನ್ನು ಕೇಳಬೇಕು. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗರು 'ಮಲ್ಟಿಕ್ಸ್' ಗಣಕಕ್ಕಾಗಿ ಲಿಸ್ಪ್ ಭಾಷೆಯಲ್ಲೊಂದು ಎಮ್ಯಾಕ್ಸನ್ನು ರಚಿಸಿದರು. ಅವರ ಕಚೇರಿಯ ಸೆಕ್ರೆಟರಿಗಳು ಪ್ರೋಗ್ರಾಮು ಬರೆಯುವದು ತಮ್ಮಿಂದಾಗದೆಂದು ನಂಬಿದ್ದರು. ಆದರೆ ಅವರಿಗೆ ದೊರೆತ ಕೈಪಿಡಿಯು ಸಾಧನವನ್ನು ವಿಸ್ತರಿಸುವ ಬಗೆಯನ್ನು ಹೇಳಿತೇ ಹೊರತು, ಅದನ್ನು ಪ್ರೋಗ್ರಾಮು ಎಂದು ಕರೆಯಲಿಲ್ಲ. ಅವರು ಅಂಜದೆ ಓದಿ, ಮಾಡಿ, ಕಲಿತರೆಂದು ಸ್ಟಾಲ್ಮನ್ನರು ಹೇಳಿದ್ದಾರೆ. ಅಡ್ಡವಾಗಿದ್ದದ್ದು ಬುದ್ಧಿಯ ಕೊರತೆಯಲ್ಲ, ಒಂದು ಶಬ್ದದ ಅಂಜಿಕೆ!

ನಮ್ಮ ಸೀಮೆಯದೇ ಒಂದು ಉದಾಹರಣೆ ಕೊಡುವೆನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯನ್ನು ಸಿದ್ಧಪಡಿಸಬೇಕಾಗಿದೆ ಎನ್ನೋಣ. ಕೆಲವರ ವಿಳಾಸದಲ್ಲಿ ಬರೇ 'ಬಾಗೇವಾಡಿ' ಎಂದಿದೆ. ಎಲ್ಲೆಡೆಯೂ ಅದನ್ನು 'ಬಸವನ ಬಾಗೇವಾಡಿ' ಮಾಡೆಂದು ಅಪ್ಪಣೆ ಕೊಟ್ಟರೆ, ಮೊದಲೇ ಸರಿಯಿದ್ದಲ್ಲಿ 'ಬಸವನ ಬಸವನ ಬಾಗೇವಾಡಿ' ಆಗುವದು. ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಯು 'ಹಿರೇಬಸವನ ಬಾಗೇವಾಡಿ' ಆಗುವದು! ಆದ ಕಾರಣ ಹುಡುಗಿಯು ನಿಂತು ವಿಚಾರಿಸಬೇಕು. 'ಶಬ್ದವು ಒಂಟಿಯಾಗಿದ್ದು ಅದರ ಮುಂಚೆ ಬಸವನ ಎಂದಿಲ್ಲದಿದ್ದರೆ ಮಾತ್ರ ಬದಲಿಸು. ಪ್ರತಿಯೊಂದು ಸಲವೂ ನನ್ನನ್ನು ಕೇಳು' ಎಂದು ಅಪ್ಪಣೆಯನ್ನು ತಿದ್ದಬೇಕು. ಹೀಗೆ ಯಂತ್ರಕ್ಕೆ ತಿಳಿಯುವಂತೆ ಹೇಳಹೋಗಿ ಅವಳು ತಾನೇ ಸ್ಪಷ್ಟವಾಗಿ ವಿಚಾರ ಮಾಡಲು ಕಲಿಯುತ್ತಾಳೆ. ಬೆರಳಚ್ಚಿನ ವೇಗವು ಈ ಲಾಭವನ್ನು ಕೊಡಲಾರದು.

ಲಿಸ್ಪ್ ಭಾಷೆಯ ಮೂಲಶಬ್ದಗಳು ಇಂಗ್ಲಿಷಿನವಲ್ಲವೇ ಎಂಬ ಆಕ್ಷೇಪವು ನ್ಯಾಯವಾದದ್ದೇ. ಆದರೆ ಆರಂಭಕ್ಕೆ ಬೇಕಾದವು ಕೆಲವೇ. ನಾವು ರಚಿಸಿದ ಅಪ್ಪಣೆಗೆ 'ಊರು-ತಿದ್ದು' ಎಂದು ಕನ್ನಡದ ಹೆಸರನ್ನೇ ಇಡಬಹುದು. ಕನ್ನಡ ಮಾಧ್ಯಮದ ಹುಡುಗಿಯು ಇದಕ್ಕಾಗಿ ಹಿಂಜರಿಯಬೇಕಾಗಿಲ್ಲ.

ಕಚೇರಿಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿನಿಯರೇ, ವಾರಕ್ಕೊಂದು ತಾಸು ಶಾಲೆಗೆ ಬಂದು ನಿಮ್ಮ ತಂಗಿಯರಿಗೆ ಇದನ್ನು ತೋರಿಸಿರಿ. ಪಾಲಕರೇ, ಇದು ಗಂಡುಮಕ್ಕಳ ವಿದ್ಯೆಯೆಂದು ತಡೆಯದಿರಿ. ಯಜಮಾನನು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ಈ ಶಾಲೆಯಲ್ಲಿ ಕೇಳದವರಿಲ್ಲ. ನಮ್ಮ ಹೆಣ್ಣುಮಕ್ಕಳ ಬುದ್ಧಿಯನ್ನು ಬರೇ ನಕಲು ಮಾಡುವ ಕೆಲಸದಲ್ಲಿ ಹೂತಿಡುವದು ಅದಕ್ಕಿಂತ ಬೇರೆಯಲ್ಲ.