ತಕ್ಕಡಿಯೂ ಅಂಗೈಯೂ

ಕಲಬುರಗಿಯ ನೆಹರು ಗಂಜ್ ಧಾನ್ಯದ ಪೇಟೆ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಕಣ್ಣಿಗೆ ಬೀಳುವುದು ತೊಗರಿಯ ರಾಶಿ, ಕಿವಿಗೆ ಬೀಳುವುದು ಲಾರಿಗಳ ಸದ್ದು. ಸಂಗೀತವನ್ನು ಅರಸಿಕೊಂಡು ಆ ಪೇಟೆಗೆ ಯಾರೂ ಹೋಗುವುದಿಲ್ಲ. ಆದರೂ ಒಂದು ಸಂಜೆ ಅಡತಿ ಅಂಗಡಿಯೊಂದರ ಕಟ್ಟೆಯ ಮೇಲೆ ಹುಡುಗನೊಬ್ಬ ಗಿಟಾರ್ ನುಡಿಸುತ್ತ ಕುಳಿತಿದ್ದುದನ್ನು ಕಂಡೆ. ಅವನು ನನ್ನ ಹಳೆಯ ವಿದ್ಯಾರ್ಥಿ; ಮೂಟೆ ಹೊರುವ ಹಮಾಲರೊಬ್ಬರ ಮಗ.

“ಯಾರ ಬಲ್ಲಿ ಕಲೀಲಾಕತ್ತೀಯೋ ತಮ್ಮಾ?” ಎಂದು ಕೇಳಿದೆ.

“ಫೋನಿನಾಗ ನೋಡಿ ಕಲೀಲಾಕತ್ತೀನ್ರಿ ಸರ್” ಎಂದ.

ಗುರುವಿಲ್ಲದ ವಿದ್ಯೆ ವಿದ್ಯೆಯಲ್ಲವೆಂದೂ, ವೃಥಾ ಕಾಲಹರಣ ಮಾಡಬಾರದೆಂದೂ ಉಪದೇಶಿಸಿ ಮುಂದೆ ನಡೆದೆ. ಹುಡುಗ ತಲೆ ತಗ್ಗಿಸಿದ. ಮನೆ ಸೇರುವ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು: ಅವನಿಗೆ ಗುರು ಎಲ್ಲಿದ್ದಾನೆ? ಇದ್ದರೂ ತಿಂಗಳು ತಿಂಗಳು ಶುಲ್ಕ ಕೊಡುವವರು ಯಾರು? ಉತ್ತರ ನನ್ನಲ್ಲಿರಲಿಲ್ಲ. ಉತ್ತರವಿಲ್ಲದವನು ಉಪದೇಶ ಮಾಡಿದ್ದು ತಪ್ಪೆಂದು ಅಂದೇ ತಿಳಿದೆ.

ಅಂತರ್ಜಾಲದ ಪಾಠಗಳಿಂದ ದೊರೆಯುವ ಉಪಕಾರ ಅಲ್ಪವಲ್ಲ. ಗಿಟಾರಿಗೆ ಆರು ತಂತಿಗಳು. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಸಲ, ಅದರ ಪಕ್ಕದ್ದು 110 ಸಲ ಕಂಪಿಸಿದರೆ ಶ್ರುತಿ ಸರಿಯಾಗಿದೆಯೆಂದು ಅರ್ಥ. ಇದನ್ನು ಬರಿಯ ಕಿವಿಯಿಂದ ಗುರುತಿಸುವುದು ಹೊಸಬನಿಗೆ ಕಷ್ಟದ ಕೆಲಸ. ಫೋನಿನ ಟ್ಯೂನರ್ ತಂತಿಯ ಕಂಪನವನ್ನು ಅಳೆದು, ಇನ್ನಷ್ಟು ಬಿಗಿಯಬೇಕೋ ಸಡಿಲಿಸಬೇಕೋ ಎಂದು ಮುಳ್ಳಿನಿಂದ ತೋರಿಸುತ್ತದೆ. ಮೆಟ್ರೊನೋಮ್ ತಪ್ಪದೆ ಲಯ ಹಾಕುತ್ತದೆ. ಕಲಿಸುವವರ ಬೆರಳುಗಳ ಓಟ ವೇಗವಾಯಿತೆನಿಸಿದರೆ, ಸ್ವರ ಇಳಿಯದಂತೆಯೇ ದೃಶ್ಯವನ್ನು ಅರ್ಧ ವೇಗಕ್ಕೆ ತರಬಹುದು. ಒಂದೇ ಪಾಠವನ್ನು ನೂರು ಸಲ ಕೇಳಿದರೂ ಯಂತ್ರ ಬೇಸರಪಡುವುದಿಲ್ಲ. ಕೇಳುವವನ ಜಾತಿಯನ್ನಾಗಲಿ ತಂದೆಯ ಸಂಪಾದನೆಯನ್ನಾಗಲಿ ವಿಚಾರಿಸುವುದಿಲ್ಲ.

ಆದರೆ ಯಂತ್ರದ ಶಕ್ತಿಗೆ ಒಂದು ಎಲ್ಲೆಯುಂಟು. ಆರು ತಿಂಗಳ ಅನಂತರವೂ ಹುಡುಗನ ಸ್ವರಮೇಳಗಳು ಮಂಕಾಗಿಯೇ ಕೇಳುತ್ತಿದ್ದವು. ಟ್ಯೂನರಿನ ಪ್ರಕಾರ ಶ್ರುತಿ ಸರಿಯಾಗಿತ್ತು. ಪಾಠದಲ್ಲಿ ತೋರಿಸಿದ ಜಾಗದಲ್ಲಿಯೇ ಬೆರಳುಗಳಿದ್ದವು. ನನ್ನ ಪರಿಚಯದ ವಾದಕರೊಬ್ಬರ ಬಳಿಗೆ ಅವನನ್ನು ಕರೆದುಕೊಂಡು ಹೋದೆ. ಅವರು ನಿಮಿಷ ಕಾಲ ನೋಡಿ, ವಾದ್ಯದ ಕತ್ತಿನ ಮೇಲಕ್ಕೆ ಚಾಚಿದ್ದ ಅವನ ಹೆಬ್ಬೆರಳನ್ನು ಹಿಡಿದು ಹಿಂಭಾಗಕ್ಕೆ ಸರಿಸಿದರು. ಮಣಿಕಟ್ಟು ಸಡಿಲವಾಯಿತು, ಬೆರಳುಗಳು ಬಾಗಿ ನಿಂತವು, ತಂತಿಗಳು ಸ್ಪಷ್ಟವಾಗಿ ನುಡಿದವು. ಆ ಪಾಠಗಳಲ್ಲೆಲ್ಲ ಹುಡುಗ ಗುರುವನ್ನು ನೋಡಿದ್ದ. ಗುರು ಮಾತ್ರ ಹುಡುಗನನ್ನು ನೋಡಿರಲಿಲ್ಲ. ಆದರೆ ಆ ವಾದಕರು ಮತ್ತೊಂದು ಮಾತನ್ನೂ ಹೇಳಿದರು: “ಉಳಿದದ್ದೆಲ್ಲ ಚೆನ್ನಾಗಿಯೇ ಕಲಿತಿದ್ದಾನೆ.”

ಗಂಜಿನಲ್ಲಿ ತೊಗರಿಯನ್ನು ತೂಗಲು ತಕ್ಕಡಿ ಬೇಕು. ತಕ್ಕಡಿ ಸುಳ್ಳು ಹೇಳುವುದಿಲ್ಲ. ಆದರೆ ಕಾಳು ಹಸಿಯೋ ಒಣಗಿದೆಯೋ ಎಂಬುದನ್ನು ಅದು ಹೇಳಲಾರದು. ಅನುಭವಿಯಾದ ವ್ಯಾಪಾರಿ ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿ, ಒಂದನ್ನು ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ತಕ್ಕಡಿಯಿದ್ದರೆ ಅಂಗೈ ಬೇಡವೆನ್ನುವವನು ಮೋಸ ಹೋಗುತ್ತಾನೆ. ಅಂಗೈಯಿದ್ದರೆ ತಕ್ಕಡಿ ಬೇಡವೆನ್ನುವವನನ್ನು ಯಾರೂ ನಂಬುವುದಿಲ್ಲ.

ದೂರದ ಪಾಠ ನಮ್ಮ ಸೀಮೆಗೆ ಹೊಸದೇನಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕೆಯ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಶಿಕ್ಷಣ ಕಾರ್ಯಕ್ರಮಗಳು ಬಂದವು. ಕರ್ನಾಟಕದಲ್ಲಿ ಆ ಪ್ರಯೋಗಕ್ಕೆ ಆಯ್ಕೆಯಾದವು ಅಂದಿನ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಆಕಾಶದಿಂದ ಪಾಠ ಬಂದರೂ ಮಗುವಿನ ಸಂದೇಹಕ್ಕೆ ಉತ್ತರ ಹೇಳಲು ಪಕ್ಕದಲ್ಲಿ ಉಪಾಧ್ಯಾಯನೊಬ್ಬ ಬೇಕೇ ಆಗಿದ್ದ.

ಸಂಗೀತದ ಇತಿಹಾಸವೂ ಇದನ್ನೇ ಹೇಳುತ್ತದೆ. ಗದಗಿನ ಬಾಲಕ ಭೀಮಸೇನ ಜೋಶಿಯವರಿಗೆ ಸಂಗೀತದ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ. ಆ ತಟ್ಟೆ ಹಂಬಲವನ್ನು ಹುಟ್ಟಿಸಿತು; ವಿದ್ಯೆಗಾಗಿ ಅವರು ಮನೆ ಬಿಟ್ಟು, ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಪಾದದ ಬಳಿ ಕುಳಿತರು. ಗಂಗೂಬಾಯಿ ಹಾನಗಲ್ಲರು ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ, 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳೂ ಅಂಧ ಮತ್ತು ಬಡ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕಲಿಸಿದರು. ಆ ಗುರುಗಳಿಬ್ಬರಿಗೂ ಕಣ್ಣಿನ ದೃಷ್ಟಿಯಿರಲಿಲ್ಲ. ಆದರೆ ಶಿಷ್ಯ ಎಲ್ಲಿ ತಪ್ಪಿದನೆಂಬುದು ಅವರ ಕಿವಿಗೆ ತಿಳಿಯುತ್ತಿತ್ತು.

ಹಾಗಾದರೆ ಪ್ರತಿಯೊಬ್ಬನೂ ಮನೆ ಬಿಟ್ಟು ಗುರುವನ್ನು ಅರಸಬೇಕೆ? ಹಾಗೆನ್ನುವುದು ಸುಲಭ. ಹಾಗೆ ಹೊರಟು ಗುರುವನ್ನು ಕಂಡವರ ಹೆಸರುಗಳು ನಮಗೆ ಗೊತ್ತಿವೆ. ಬಾಗಿಲು ಸಿಗದೆ ಹಿಂದಿರುಗಿದವರ, ಹೊರಡಲೂ ಆಗದೆ ಉಳಿದ ಹೆಣ್ಣುಮಕ್ಕಳ ಹೆಸರುಗಳು ಯಾರಿಗೂ ಗೊತ್ತಿಲ್ಲ. ಅಂಥವರಿಗೆ ಇಂದು ತೆರೆದಿರುವ ಈ ಕಿಟಕಿಯನ್ನು ಗುರುಭಕ್ತಿಯ ಹೆಸರಿನಲ್ಲಿ ಮುಚ್ಚುವುದು ಅನ್ಯಾಯ.

ನನ್ನ ಅಭಿಪ್ರಾಯವಿಷ್ಟೆ. ಕಲಿಯುವವನು ಹತ್ತು ಪಾಠಮಾಲೆಗಳನ್ನು ಇಣುಕಿ ನೋಡುವ ಚಪಲವನ್ನು ಬಿಟ್ಟು, ಒಂದನ್ನು ಆರಿಸಿಕೊಂಡು ಕೊನೆಮುಟ್ಟಿಸಬೇಕು. ತಾನು ನುಡಿಸಿದ್ದನ್ನು ಅದೇ ಫೋನಿನಲ್ಲಿ ಮುದ್ರಿಸಿ ತಾನೇ ಕೇಳಬೇಕು. ಬಲ್ಲವರೊಬ್ಬರಿಗೆ ತಿಂಗಳಿಗೊಮ್ಮೆಯಾದರೂ ನುಡಿಸಿ ತೋರಿಸಬೇಕು. ಹಿರಿಯರಾದ ನಮ್ಮ ಕರ್ತವ್ಯ ಇದಕ್ಕಿಂತ ದೊಡ್ಡದು. ಭಜನೆಯ ಹಾರ್ಮೋನಿಯಂ ವಾದಕರು, ತಬಲಾ ಬಲ್ಲವರು, ಬ್ಯಾಂಡಿನವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಪ್ರತಿ ಪ್ರೌಢಶಾಲೆಯೂ ವಾರಕ್ಕೆ ಒಂದು ತಾಸು ಅವರಲ್ಲೊಬ್ಬರನ್ನು ಕರೆದು ಮಕ್ಕಳ ಮುಂದೆ ಕೂಡಿಸಬಾರದೇಕೆ? ಪಾಠವನ್ನು ಯಂತ್ರ ಹೇಳಲಿ; ತಪ್ಪನ್ನು ಮನುಷ್ಯ ತಿದ್ದಲಿ.

ಮೊನ್ನೆ ಮತ್ತೆ ಗಂಜಿನ ಕಡೆಗೆ ಹೋಗಿದ್ದೆ. ಅದೇ ಕಟ್ಟೆಯ ಮೇಲೆ ಹುಡುಗ ಕುಳಿತಿದ್ದ. ಅವನ ಎದುರಿಗೆ ಅವನಿಗಿಂತ ಚಿಕ್ಕವನೊಬ್ಬ ಗಿಟಾರ್ ಹಿಡಿದಿದ್ದ. ಫೋನು ಪಕ್ಕದಲ್ಲಿ ಪಾಠ ಹೇಳುತ್ತಿತ್ತು. ಹುಡುಗ ಆ ಚಿಕ್ಕವನ ಹೆಬ್ಬೆರಳನ್ನು ಹಿಡಿದು ಹಿಂದಕ್ಕೆ ಸರಿಸುತ್ತಿದ್ದ. ಈ ಸಲ ನಾನು ಉಪದೇಶ ಮಾಡಲಿಲ್ಲ.