ಗಾಳಿಗೆ ನಿಲ್ಲುವ ತಟ್ಟೆ

ಆಚಾರ ವಿಚಾರಗಳನ್ನು ಕುರಿತು ಬರೆಯುವ ಈ ಅಂಕಣದಲ್ಲಿ ಆಟದ ತಟ್ಟೆಯ ಮಾತು ಬಂದುದನ್ನು ಕಂಡು ಓದುಗ ಬಂಧುಗಳು ಅಚ್ಚರಿಪಡಬಹುದು. ಆದರೆ ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕೆಯಲ್ಲಿ ಬೆಳೆಯುತ್ತಿದ್ದಾರೆ. ಅವರ ಆಟಪಾಠಗಳು ನಮಗೆ ತಿಳಿಯದೆ ಹೋದರೆ, ರಜೆಗೆ ಊರಿಗೆ ಬಂದ ಮೊಮ್ಮಗನೊಡನೆ ಆಡಲು ಉಳಿಯುವುದು ಊಟ ನಿದ್ರೆಗಳ ಮಾತಷ್ಟೆ.

ಕಳೆದ ಆಷಾಢದಲ್ಲಿ ಕ್ಯಾಲಿಫೋರ್ನಿಯಾದಿಂದ ದಂಡಿಗನಹಳ್ಳಿಗೆ ಬಂದ ನನ್ನ ಮಗಳ ಮಗನು ಸಪ್ಪೆ ಮುಖ ಹೊತ್ತು ಬಂದಿದ್ದನು. ಹದಿನಾಲ್ಕರ ಹುಡುಗ. ಡಿಸ್ಕ್ ಗಾಲ್ಫ್ ಪಂದ್ಯವೊಂದರಲ್ಲಿ ಗಾಳಿ ಎದ್ದು, ಅವನ ತಟ್ಟೆಯು ಬುಟ್ಟಿಯ ಸಮೀಪಕ್ಕೆ ಹೋಗಿ ಹೋಗಿ ಪಕ್ಕಕ್ಕೆ ಹೊರಳಿತಂತೆ. ಇನ್ನು ಈ ಆಟವೇ ಬೇಡವೆಂದು ಒಂದು ದಿನ, ಇಪ್ಪತ್ತು ಹೊಸ ತಟ್ಟೆ ಕೊಡಿಸಿರೆಂದು ಮರುದಿನ. ಮಗಳು ಬೇಸತ್ತು, "ಅಪ್ಪಾಜಿ, ನೀವೇ ಬುದ್ಧಿ ಹೇಳಿ" ಎಂದು ಅವನನ್ನು ನನ್ನ ಮುಂದೆ ಕೂರಿಸಿದಳು. ಆಟವನ್ನೇ ಅರಿಯದವನು ಬುದ್ಧಿ ಹೇಳುವುದೆಂತು? ಮಠದಲ್ಲಿ ಓದುತ್ತಿದ್ದಾಗ ನಾವು ಆಡಿದ್ದು ಚಿಣ್ಣಿದಾಂಡು, ಗೋಲಿ. ಆದುದರಿಂದ ಮೊದಲು ಅವನಿಂದಲೇ ಪಾಠ ಹೇಳಿಸಿಕೊಂಡೆನು.

ಚೆಂಡಿಗೆ ಬದಲು ತಟ್ಟೆ, ಕುಳಿಗೆ ಬದಲು ಸರಪಳಿ ತೂಗುವ ಕಬ್ಬಿಣದ ಬುಟ್ಟಿ. ಕಡಮೆ ಎಸೆತಗಳಲ್ಲಿ ಬುಟ್ಟಿ ಸೇರಿಸಿದವನು ಗೆದ್ದನು. ಈ ಆಟಕ್ಕೆಂದೇ ಏರ್ಪಟ್ಟ ಮೊದಲ ಅಂಗಳವನ್ನು ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ 1975ರಲ್ಲಿ ರೂಪಿಸಿದವರು ಎಡ್ ಹೆಡ್ರಿಕ್. ಸರಪಳಿ ಬುಟ್ಟಿಗೆ ಅವರು 1977ರಲ್ಲಿ ಪೇಟೆಂಟ್ ಪಡೆದರು. ದೂರದ ಎಸೆತಕ್ಕೆ ಅಗಲವಾದ ಚೂಪು ಅಂಚಿನ ಡ್ರೈವರ್ ತಟ್ಟೆ. ಬುಟ್ಟಿಯನ್ನು ಸಮೀಪಿಸಲು ಮತ್ತು ಕೊನೆಗೆ ಒಳಗೆ ಹಾಕಲು ದುಂಡನೆಯ ಮೊಂಡು ಅಂಚಿನ ಪಟರ್. ಹುಡುಗನ ಸೋಲೆಲ್ಲ ಈ ಪಟರಿನಲ್ಲಿತ್ತು.

ತೆಂಗಿನ ತೋಟದ ಬದಿಯಲ್ಲಿ ಗಳುವೊಂದನ್ನು ನೆಟ್ಟು ಮಂಕರಿ ಕಟ್ಟಿದೆವು. ಆಷಾಢದ ಗಾಳಿಯನ್ನು ನಮ್ಮ ಸೀಮೆಯವರಿಗೆ ವರ್ಣಿಸಬೇಕಾಗಿಲ್ಲ. ಅವನು ತಂದಿದ್ದ ಮೂರು ತಟ್ಟೆಗಳಲ್ಲಿ ಹಗುರವಾದುದು ಮೂರನೆಯ ಎಸೆತಕ್ಕೆ ಮೇಲೆದ್ದು ಬಲಕ್ಕೆ ಹೊರಳಿ ಕಟ್ಟೆಯ ನೀರಿಗೆ ಬಿದ್ದು ಮುಳುಗಿತು. "ನೋಡಿದಿರಾ ತಾತ, ನನ್ನ ಕೈಲಿ ಆಗೋಲ್ಲ" ಎಂದು ಅವನ ಕಣ್ಣಲ್ಲಿ ನೀರಾಡಿತು. ನನಗೆ ತಟ್ಟನೆ ನೆನಪಾದುದು ರಾಗಿಯ ಕಣ. ಮೊರ ಎತ್ತಿ ತೂರಿದಾಗ ಹೊಟ್ಟು ದೂರಕ್ಕೆ ಹಾರುತ್ತದೆ, ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ತೂರುವವನ ಕೈ ಒಂದೇ, ಗಾಳಿಯೂ ಒಂದೇ. "ಮಗು, ನಿನ್ನದು ಹೊಟ್ಟಿನ ತಟ್ಟೆ" ಎಂದೆನು. ಅವನು ನಕ್ಕನು, ಊರಿಗೆ ಬಂದ ಮೇಲೆ ಅದೇ ಮೊದಲು.

ಅನಂತರ ಇಬ್ಬರೂ ಕೂತು ವಿಚಾರ ಮಾಡಿದೆವು. ಬಲಗೈಯವನು ಹಿಂಗೈ ಬೀಸಿ ಎಸೆದ ತಟ್ಟೆಯು ವೇಗ ಕುಂದಿದಾಗ ಸಹಜವಾಗಿ ಎಡಕ್ಕೆ ವಾಲುತ್ತದೆ. ಎದುರುಗಾಳಿಯಲ್ಲಿ ತಟ್ಟೆಗೆ ತಾಗುವ ಗಾಳಿಯ ವೇಗ ಹೆಚ್ಚುವುದರಿಂದ ಅದು ಮೇಲೆದ್ದು ಬಲಕ್ಕೆ ತಿರುಗುತ್ತದೆ. ಹಿಂಗಾಳಿಯಲ್ಲಾದರೋ ಎತ್ತುವ ಬಲ ಕುಗ್ಗಿ ಬೇಗನೆ ಕುಸಿಯುತ್ತದೆ. ಅಡ್ಡಗಾಳಿಯು ವಾಲಿದ ತಟ್ಟೆಯ ತಳಕ್ಕೆ ಹೊಕ್ಕರೆ ಎತ್ತಿಕೊಂಡು ಹೋಗುತ್ತದೆ, ಬೆನ್ನಿಗೆ ಬಡಿದರೆ ನೆಲಕ್ಕೆ ಒತ್ತುತ್ತದೆ. ಆದುದರಿಂದ ಗಾಳಿಗೆ ಬೇಕಾದುದು ತೂಕವುಳ್ಳ, ಕಡಮೆ ತೇಲುವ, ಬಲಕ್ಕೆ ತಿರುಗಲು ಒಪ್ಪದ ತಟ್ಟೆ. 21 ಸೆಂಟಿಮೀಟರಿಗೆ ತುಸು ಮಿಕ್ಕ ವ್ಯಾಸದ ಪಟರ್ ನಿಯಮದ ಪ್ರಕಾರ ಸುಮಾರು 175 ಗ್ರಾಂ ತೂಗಬಹುದು. ಆ ಮಿತಿಯ ಸಮೀಪದ್ದನ್ನೇ ಆರಿಸಬೇಕು.

ತಟ್ಟೆಗಳಿಗೆ ತಯಾರಕರು ನಾಲ್ಕು ಅಂಕಿಗಳನ್ನು ಕೊಡುತ್ತಾರೆ: ವೇಗ, ತೇಲುವಿಕೆ, ಬಲದ ತಿರುವು, ಕೊನೆಯ ಎಡವಾಲು. ಇನೋವಾದವರ ಏವಿಯರ್‌ಗೆ 2, 3, 0, 1. ಡಿಸ್ಕ್‌ಕ್ರಾಫ್ಟಿನವರ ಜೋನ್‌ಗೆ 4, 3, 0, 3. ಕೊನೆಯ ಅಂಕಿ ದೊಡ್ಡದಿರುವ ಜೋನ್ ಎದುರುಗಾಳಿಯಲ್ಲಿ ಸಮೀಪಿಸುವ ಎಸೆತಕ್ಕೆ ಒಗ್ಗುತ್ತದೆ; ಹತ್ತು ಮೀಟರಿನೊಳಗೆ ನೇರ ಹೋಗುವ ಏವಿಯರಿನಂತಹುದೇ ಸಾಕು. ಅಗ್ಗದ ಮೆತು ಪ್ಲಾಸ್ಟಿಕ್ ಕೈಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಮರಕ್ಕೆ ಬಡಿದು ಬಡಿದು ಸವೆದಂತೆ ಬಲಕ್ಕೆ ತಿರುಗುವ ಚಾಳಿ ಕಲಿಯುತ್ತದೆ. ಗಾಳಿಯ ತಟ್ಟೆಗೆ ಗಟ್ಟಿ ಪ್ಲಾಸ್ಟಿಕ್ಕಿಗೆ ಹಣ ಹಾಕಿದರೆ ನಷ್ಟವಿಲ್ಲ. ಹೆಸರಿಗಿಂತ ಅಂಗೈಗೆ ಒಪ್ಪುವ ಅಂಚು ಮುಖ್ಯವೆಂಬುದು ನನ್ನ ಅಭಿಪ್ರಾಯ. (ಅಂಗೈ ಎಂದೊಡನೆ ಕರಸ್ಥಲದ ಹೋಲಿಕೆ ಹುಡುಕುವ ಚಪಲ ನನಗಿಲ್ಲ, ಆಟ ಆಟವೇ.)

ಇಪ್ಪತ್ತರ ಬೇಡಿಕೆ ಮೂರಕ್ಕೆ ಇಳಿಯಿತು: ಸಮೀಪಿಸಲು ಒಂದು, ಬುಟ್ಟಿಗೆ ಹಾಕಲು ಒಂದೇ ಬಗೆಯ ಎರಡು. ಎರಡೇಕೆಂದು ಮಗಳು ಕೇಳಿದಳು. ಒಂದು ಕಳೆದರೂ ಕೈಗೆ ಹೊಸ ಪಾಠ ಬೇಡವೆಂದು ಹುಡುಗನೇ ಉತ್ತರಿಸಿದನು. ಉಳಿದ ಹನ್ನೆರಡು ದಿನವೂ ಬೆಳಗ್ಗೆ ಗಾಳಿ ಏಳುವ ಹೊತ್ತಿಗೇ ಮಂಕರಿಯ ಮುಂದೆ ನಿಂತನು. ಎದುರುಗಾಳಿಗೆ ಮೂತಿಯನ್ನು ತುಸು ತಗ್ಗಿಸಿ ಎಸೆಯುವುದನ್ನು ತಾನೇ ಕಂಡುಕೊಂಡನು. ಹೊರಡುವ ಹಿಂದಿನ ದಿನ ಹತ್ತಕ್ಕೆ ಆರು ಮಂಕರಿಯೊಳಗೆ ಬಿದ್ದವು.

ಮೊನ್ನೆ ಫೋನಿನಲ್ಲಿ ಪಂದ್ಯದ ಮಾತನ್ನು ಅವನು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮಂಕರಿ ಹಾಗೇ ಇದೆಯೇ ಎಂದು ಮಾತ್ರ ವಿಚಾರಿಸಿದನು. ಇದೆ ಎಂದೆನು. ಕಟ್ಟೆಯ ನೀರು ಬೇಸಗೆಗೆ ಇಳಿದಾಗ ಅವನ ಹೊಟ್ಟಿನ ತಟ್ಟೆಯನ್ನು ಹುಡುಕಿ ತೆಗೆದಿಡುವಂತೆ ತೋಟದ ಆಳಿಗೆ ಹೇಳಿದ್ದೇನೆ.